ಬೈಕು ಮಲಗಿದಾಗ ನೆಲ ಮುಟ್ಟುವುದು ಯಾವುದು? ಮೃದು ಬ್ಯಾಗು ಮತ್ತು ಕ್ರ್ಯಾಶ್ ಗಾರ್ಡ್‌ಗಳ ಆಯ್ಕೆ

ದೂರದ ಪ್ರಯಾಣಕ್ಕೆಂದು ಬೈಕನ್ನು ಸಜ್ಜುಗೊಳಿಸುವವರು ಲಗೇಜು ಬ್ಯಾಗನ್ನು ಒಂದು ಅಂಗಡಿಯಲ್ಲಿ, ಕ್ರ್ಯಾಶ್ ಗಾರ್ಡನ್ನು ಇನ್ನೊಂದು ಅಂಗಡಿಯಲ್ಲಿ, ಹೆಚ್ಚಿನ ಸಲ ಬೇರೆ ಬೇರೆ ತಿಂಗಳ ಸಂಬಳದಲ್ಲಿ ಕೊಳ್ಳುತ್ತಾರೆ. ಒಂದು ಸಾಮಾನು ಹೊರುವುದಕ್ಕೆ, ಇನ್ನೊಂದು ಬಿದ್ದಾಗ ಕಾಪಾಡುವುದಕ್ಕೆ ಎಂದು ಲೆಕ್ಕ ಹಾಕಿದರೆ ಈ ವಿಂಗಡಣೆ ಸರಿಯೆನಿಸುತ್ತದೆ. ಆದರೆ ಬೈಕು ಮಗ್ಗುಲಿಗೆ ಬಿದ್ದಾಗ ಅದರ ಭಾರವೆಲ್ಲ ಮುಖ್ಯವಾಗಿ ಹ್ಯಾಂಡಲ್‌ನ ತುದಿ, ಎಂಜಿನ್ ಪಕ್ಕದ ಗಾರ್ಡ್ ಮತ್ತು ಹಿಂಬದಿಯ ಬ್ಯಾಗು ಅಥವಾ ಅದರ ಸ್ಟೇ (ಬ್ಯಾಗನ್ನು ಚಕ್ರಕ್ಕೆ ತಾಗದಂತೆ ಹಿಡಿಯುವ ಲೋಹದ ಚೌಕಟ್ಟು) ಎಂಬ ಮೂರು ಕಡೆ ಹಂಚಿಹೋಗುತ್ತದೆ. ಈ ಮೂರರಲ್ಲಿ ಒಂದನ್ನು ಬದಲಿಸಿದರೆ ಉಳಿದೆರಡರ ಪಾಲಿನ ಭಾರವೂ ಬದಲಾಗುತ್ತದೆ. ಹಾಗಾಗಿ ಯಾವ ಬ್ಯಾಗು, ಯಾವ ಗಾರ್ಡ್ ಎಂದು ವಿಚಾರಿಸುವ ಮೊದಲು, ನಮ್ಮ ಬೈಕು ಎಲ್ಲಿ ಹೇಗೆ ಬೀಳುವ ಸಾಧ್ಯತೆ ಹೆಚ್ಚು, ಬಿದ್ದಾಗ ಅದು ಯಾವುದರ ಮೇಲೆ ಮಲಗುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು.

ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕನ್ನು ಇಟ್ಟುಕೊಂಡು ಈ ಲೇಖನ ಬರೆದಿದ್ದೇನೆ. 2016ರಲ್ಲಿ ಬಂದ 411 ಸಿ.ಸಿ. ಮಾದರಿಯಾಗಲಿ, 2023ರ ನವೆಂಬರ್‌ನಲ್ಲಿ ಬಂದ 452 ಸಿ.ಸಿ. ಮಾದರಿಯಾಗಲಿ, ಬೆಂಗಳೂರಿನಿಂದ ಸಕಲೇಶಪುರ, ಚಿಕ್ಕಮಗಳೂರುಗಳ ಕಡೆಗೆ ವಾರಾಂತ್ಯಕ್ಕೆ ಹೊರಡುವವರಲ್ಲೂ, ಲಡಾಖ್, ಸ್ಪಿತಿಗಳಿಗೆ ರಜೆ ಹಾಕಿ ಹೊರಡುವವರಲ್ಲೂ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಬೈಕು ಇದು. ಹೊಸ ಮಾದರಿಯ ತೂಕ 196 ಕೆ.ಜಿ. ಇಲ್ಲಿ ಹೇಳುವ ವಿಚಾರಗಳು ಕೆಟಿಎಂ ಅಡ್ವೆಂಚರ್‌ಗೂ ಹೀರೋ ಎಕ್ಸ್‌ಪಲ್ಸ್‌ಗೂ ಅನ್ವಯಿಸುತ್ತವೆ. ಅಳತೆಗಳನ್ನು ಮಾತ್ರ ಅವರವರ ಬೈಕಿಗೆ ಹೊಂದಿಸಿಕೊಳ್ಳಬೇಕು.

ನಿಂತಲ್ಲೇ ಬೀಳುವ ಬೈಕು

ಬೈಕು ಬೀಳುತ್ತದೆ ಎಂದಾಗ ಮನಸ್ಸಿಗೆ ಬರುವುದು ಹೆದ್ದಾರಿಯಲ್ಲಿ ಕಿಡಿ ಹಾರಿಸುತ್ತ ಜಾರುವ ಚಿತ್ರ. ಪ್ರವಾಸದ ಬೈಕುಗಳ ಮಟ್ಟಿಗೆ ಅದಕ್ಕಿಂತ ಎಷ್ಟೋ ಸಾಮಾನ್ಯವಾದುದು ನಿಂತಲ್ಲೇ ಬೀಳುವುದು: ಸೈಡ್ ಸ್ಟ್ಯಾಂಡ್ ಹಸಿ ಮಣ್ಣಿನಲ್ಲಿ ಹೂತುಹೋಗುವುದು, ಕಾಫಿ ತೋಟದ ಇಳಿಜಾರಿನಲ್ಲಿ ತಿರುಗಿಸುವಾಗ ಕಾಲು ನೆಲಕ್ಕೆ ಎಟುಕದಿರುವುದು, ಜೇಡಿಮಣ್ಣಿನ ಮೇಲೆ ಮುಂದಿನ ಚಕ್ರ ಸರಕ್ಕನೆ ಜಾರುವುದು. ಹೊಸ ಹಿಮಾಲಯನ್‌ನ ಸೀಟಿನ ಎತ್ತರ 825 ಮಿ.ಮೀ.; ಅದನ್ನು 845ಕ್ಕೆ ಏರಿಸಬಹುದು. ಎತ್ತರ ಕಡಿಮೆಯಿರುವ ಸವಾರ ಹಿಂದಿನ ಸೀಟಿನ ಮೇಲೆ ದೊಡ್ಡ ಡಫಲ್ ಬ್ಯಾಗು ಕಟ್ಟಿ, ಅದರ ಮೇಲಿಂದ ಕಾಲು ಹಾಯಿಸಲು ಹೋಗಿ, ಬೂಟು ಬ್ಯಾಗಿಗೆ ತಗುಲಿ, ಬೈಕಿನ ಸಮೇತ ಆಚೆ ಬದಿಗೆ ಬೀಳುವುದು ಪೆಟ್ರೋಲ್ ಬಂಕ್‌ಗಳಲ್ಲಿ ನಡೆಯುತ್ತಲೇ ಇರುತ್ತದೆ. ಇಲ್ಲಿ ಬೈಕನ್ನು ಬೀಳಿಸಿದ್ದೇ ಲಗೇಜು ಎಂಬುದನ್ನು ಗಮನಿಸಬೇಕು.

ಒಂದು ಸರಳ ಅಂದಾಜು ಮಾಡಿ ನೋಡೋಣ. 196 ಕೆ.ಜಿ.ಯ ಬೈಕು ನಿಂತಲ್ಲಿಂದ ಮಗ್ಗುಲಿಗೆ ಬೀಳುವಾಗ ಅದರ ಗುರುತ್ವಕೇಂದ್ರ ಸುಮಾರು 30 ಸೆಂ.ಮೀ. ಕೆಳಗಿಳಿಯುತ್ತದೆ ಎಂದಿಟ್ಟುಕೊಂಡರೆ, ನೆಲಕ್ಕೆ ಅಪ್ಪಳಿಸುವ ಶಕ್ತಿ ಸುಮಾರು 575 ಜೂಲ್ ಆಗುತ್ತದೆ. ಸೀಟಿನ ಮಟ್ಟದಲ್ಲಿ 25 ಕೆ.ಜಿ. ಲಗೇಜು ಕಟ್ಟಿದ್ದು, ಅದು ಬೀಳುವಾಗ ಅರ್ಧ ಮೀಟರ್ ಕೆಳಗಿಳಿದರೆ ಇನ್ನೂ 120 ಜೂಲ್ ಸೇರುತ್ತದೆ. ಅಂದರೆ ತೂಕ ಹೆಚ್ಚಿದ್ದು ಶೇ. 13ರಷ್ಟು, ಏಟು ಹೆಚ್ಚಿದ್ದು ಶೇ. 20ಕ್ಕೂ ಮೇಲೆ. ಅದೇ ಲಗೇಜನ್ನು ಫುಟ್‌ಪೆಗ್‌ನ, ಅಂದರೆ ಸವಾರ ಪಾದ ಇಡುವ ಕಂಬಿಯ, ಎತ್ತರಕ್ಕೆ ಇಳಿಸಿ ಕಟ್ಟಿದರೆ ಈ ಹೆಚ್ಚುವರಿ ಏಟಿನ ದೊಡ್ಡ ಪಾಲು ಇಲ್ಲವಾಗುತ್ತದೆ. ಇನ್ನೊಂದು ಕಡೆ, ಅದೇ ಬೈಕು ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 12,000 ಜೂಲ್, ನಿಂತು ಬೀಳುವಾಗಿನದಕ್ಕಿಂತ ಇಪ್ಪತ್ತು ಪಟ್ಟು. ರಸ್ತೆಯ ಮೇಲೆ ಜಾರಿದರೆ ಅದರಲ್ಲಿ ಬಹುಪಾಲು ಘರ್ಷಣೆಯಲ್ಲಿ ಕರಗುತ್ತದೆ. ಆದರೆ ದಾರಿಯಲ್ಲಿ ಕಲ್ಲೋ ಮೈಲಿಗಲ್ಲೋ ಅಡ್ಡ ಸಿಕ್ಕರೆ ಯಾವ ಗಾರ್ಡೂ ಅದನ್ನು ತಡೆದುಕೊಳ್ಳುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಸಿಗುವ ಗಾರ್ಡನ್ನು ನಿಧಾನಗತಿಯ ಬೀಳುವಿಕೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುವುದು ಪ್ರಾಮಾಣಿಕವಾದ ನಿಲುವು.

ಗಾರ್ಡ್ ಕಾಪಾಡುವುದು ಏನನ್ನು

ನಮ್ಮಲ್ಲಿ ಇದನ್ನು ಮೊದಲಿನಿಂದಲೂ ಲೆಗ್ ಗಾರ್ಡ್ ಎಂದೇ ಕರೆದು ರೂಢಿಯಾಗಿರುವುದರಿಂದ, ಅದು ಕಾಲನ್ನು ಕಾಪಾಡುತ್ತದೆ ಎಂಬ ನಂಬಿಕೆ ಬಲವಾಗಿದೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಹಳೆಯ ಅಧ್ಯಯನವೊಂದಿದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಪ್ರದೇಶದ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಕ್ರ್ಯಾಶ್ ಬಾರ್ ಇದ್ದ ಬೈಕುಗಳಲ್ಲಿ ಪಾದ ಮತ್ತು ಹಿಮ್ಮಡಿಯ ಗಂಟಿನ ಗಾಯಗಳು ಕಡಿಮೆಯಾದರೂ, ಮೊಣಕಾಲು, ತೊಡೆ ಮತ್ತು ಕೆಳಗಾಲಿನ ಗಾಯಗಳು ಅದಕ್ಕೆ ಸರಿಸಮನಾಗಿ ಹೆಚ್ಚಿದ್ದವು; ಹಾಗಾಗಿ ಗಾಯ ತಪ್ಪಿಸುವ ಸಾಧನವಾಗಿ ಅದು ಪರಿಣಾಮಕಾರಿಯಲ್ಲ ಎಂಬುದು ಆ ವರದಿಯ ತೀರ್ಮಾನ. ಕಾಲನ್ನು ಕಾಪಾಡುವುದು ಗಟ್ಟಿ ಬೂಟು ಮತ್ತು ಮೊಣಕಾಲಿನ ಗಾರ್ಡ್. ಎಂಜಿನ್ ಸುತ್ತಲಿನ ಕಬ್ಬಿಣ ಕಾಪಾಡುವುದು ಬೈಕನ್ನು, ಇನ್ನೂ ಖಚಿತವಾಗಿ ಹೇಳಬೇಕೆಂದರೆ, ಬಿದ್ದ ಮೇಲೂ ಬೈಕು ಸ್ಟಾರ್ಟ್ ಆಗಿ ಮನೆ ಮುಟ್ಟುವ ಸಾಧ್ಯತೆಯನ್ನು.

ಇದು ಒಪ್ಪಿಗೆಯಾದರೆ ಗಾರ್ಡನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ. ಎಷ್ಟು ದಪ್ಪ, ಎಷ್ಟು ಹೊಳಪು ಎಂಬುದಕ್ಕಿಂತ ಅದು ಬೈಕಿನ ಯಾವ ಯಾವ ಬಿಂದುಗಳಿಗೆ ಬೋಲ್ಟ್ ಆಗುತ್ತದೆ ಎಂಬುದು ಮುಖ್ಯವಾಗುತ್ತದೆ. ಹೊರಗೆ ಚಾಚಿಕೊಂಡ ಪೈಪು ಒಂದು ಹಾರೆಯಂತೆ ಕೆಲಸ ಮಾಡುತ್ತದೆ: ತುದಿಗೆ ಬಿದ್ದ ಏಟು ಬುಡದಲ್ಲಿ ಹಲವು ಪಟ್ಟಾಗಿ, ಬೋಲ್ಟ್ ಇರುವ ಜಾಗವನ್ನು ಮೀಟುತ್ತದೆ. ಒಂದೇ ಬಿಂದುವಿಗೆ ಕೂರಿಸಿದ ಗಾರ್ಡ್ ತಾನು ಬಗ್ಗದೆ ಚಾಸಿಸ್‌ನ ಬ್ರಾಕೆಟ್ಟನ್ನು ಬಗ್ಗಿಸಿದರೆ ಅದು ಕಾಪಾಡಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಪ್ರತಿ ಬದಿಯಲ್ಲೂ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಕಡೆ ಹಿಡಿದಿರುವ, ಎಡ ಮತ್ತು ಬಲ ಭಾಗಗಳನ್ನು ಮುಂದಿನಿಂದಲೋ ಕೆಳಗಿನಿಂದಲೋ ಒಂದು ಅಡ್ಡಪಟ್ಟಿ ಜೋಡಿಸಿರುವ ವಿನ್ಯಾಸವನ್ನೇ ಆರಿಸಬೇಕು. ಅಡ್ಡಪಟ್ಟಿ ಇದ್ದಾಗ ಎಡಬದಿಯ ಏಟನ್ನು ಬಲಬದಿಯ ಬೋಲ್ಟ್‌ಗಳೂ ಹಂಚಿಕೊಳ್ಳುತ್ತವೆ.

ಲೋಹದ ವಿಚಾರದಲ್ಲಿ ನನ್ನ ಒಲವು ಪೌಡರ್ ಕೋಟಿಂಗ್ ಮಾಡಿದ ಸಾಮಾನ್ಯ ಮೈಲ್ಡ್ ಸ್ಟೀಲ್ ಪೈಪಿನ ಕಡೆಗೆ. ಅದು ಬಗ್ಗುತ್ತದೆ, ಬಗ್ಗುವಾಗ ಏಟಿನ ಒಂದಿಷ್ಟು ಶಕ್ತಿಯನ್ನು ನುಂಗುತ್ತದೆ, ಮತ್ತು ಯಾವ ಊರಿನ ವೆಲ್ಡಿಂಗ್ ಅಂಗಡಿಯಲ್ಲಾದರೂ ರಿಪೇರಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮಂಗಳೂರು, ಕಾರವಾರದಂಥ ಕರಾವಳಿಯ ಉಪ್ಪುಗಾಳಿಗೆ ಒಳ್ಳೆಯದು. ಆದರೆ ಅದನ್ನು ಸರಿಯಾಗಿ ವೆಲ್ಡ್ ಮಾಡಲು ಬೇರೆಯೇ ಸಲಕರಣೆ ಮತ್ತು ಕೈಚಳಕ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಲ್ಲಿ ಬೈಕನ್ನು ನೋಡಿ ಅಲ್ಲೇ ಗಾರ್ಡ್ ಕೂರಿಸಿಕೊಡುವವರಿದ್ದಾರೆ. ಕೆಲಸ ಚೆನ್ನಾಗಿಯೇ ಇರಬಹುದು, ಆದರೆ ಎರಡು ಸಂಗತಿಗಳನ್ನು ಕಣ್ಣಾರೆ ನೋಡಿಯೇ ಹಣ ಕೊಡಬೇಕು. ಬೋಲ್ಟ್‌ನ ತಲೆಯ ಮೇಲೆ 8.8 ಎಂಬ ಸಂಖ್ಯೆ ಇದೆಯೇ ನೋಡಬೇಕು, ಅದು ಬೋಲ್ಟ್‌ನ ಬಲದ ದರ್ಜೆಯ ಗುರುತು. ಪೈಪನ್ನು ಬ್ರಾಕೆಟ್ಟಿಗೆ ಸೇರಿಸಿದ ವೆಲ್ಡ್ ಸುತ್ತಲೂ ಪೂರ್ತಿ ಬಂದಿದೆಯೇ, ಅಥವಾ ಎರಡು ಕಡೆ ಟ್ಯಾಕ್ ಹೊಡೆದು ಮೇಲೆ ಬಣ್ಣ ಬಳಿದಿದ್ದಾರೆಯೇ ಎಂಬುದನ್ನೂ ನೋಡಬೇಕು.

ಹೊಸ ಹಿಮಾಲಯನ್‌ನ ಎಂಜಿನ್ ರಾಯಲ್ ಎನ್‌ಫೀಲ್ಡ್‌ನ ಮೊದಲ ಲಿಕ್ವಿಡ್ ಕೂಲ್ಡ್ (ದ್ರವದಿಂದ ತಣ್ಣಗಾಗುವ) ಎಂಜಿನ್ ಆಗಿರುವುದರಿಂದ, ಹಳೆಯದರಲ್ಲಿ ಇಲ್ಲದ ಒಂದು ಚಿಂತೆ ಇಲ್ಲಿ ಸೇರಿಕೊಂಡಿದೆ. ರೇಡಿಯೇಟರ್ ತೂತಾಗಿ ಕೂಲಂಟ್ ಸೋರಿದರೆ ಬೈಕು ಅಲ್ಲೇ ನಿಂತಿತೆಂದೇ ಅರ್ಥ. ಆದ್ದರಿಂದ ಗಾರ್ಡಿನ ಮೇಲಿನ ಬಳೆ ರೇಡಿಯೇಟರ್‌ನ ಅಂಚಿಗಿಂತ ಹೊರಗಿರಬೇಕು, ಮತ್ತು ಒಳಕ್ಕೆ ಮಡಚಿಕೊಂಡರೂ ರೇಡಿಯೇಟರ್ ಮುಟ್ಟದಷ್ಟು ಅಂತರವಿರಬೇಕು. ಎರಡು ಬೆರಳು ಸಲೀಸಾಗಿ ಹೋಗದ ಕಡೆ ನಾನಂತೂ ಅನುಮಾನ ಪಡುತ್ತೇನೆ. ಗಾರ್ಡ್ ಹೊರಗೆ ಚಾಚಿದಷ್ಟೂ ರಕ್ಷಣೆ ಹೆಚ್ಚೆಂದು ತೋರಿದರೂ, ಸವಾರನ ಮೊಣಕಾಲಿಗೂ ಜಾಗ ಬೇಕು. ಹಳೆಯ ಹಿಮಾಲಯನ್‌ನಲ್ಲಿ ಟ್ಯಾಂಕಿನ ಎರಡೂ ಬದಿಗೆ ಕಂಪನಿಯೇ ಕೊಟ್ಟಿದ್ದ ಕಂಬಿಗಳು ಎತ್ತರದ ಸವಾರರ ಮೊಣಕಾಲಿಗೆ ತಗಲುತ್ತಿದ್ದುದರಿಂದ 2021ರ ಪರಿಷ್ಕರಣೆಯಲ್ಲಿ ಅವುಗಳನ್ನು ಗಿಡ್ಡ ಮಾಡಲಾಯಿತು. ನಿಂತು ಓಡಿಸುವ ಅಭ್ಯಾಸವಿರುವವರು ಅಂಗಡಿಯಲ್ಲೇ ಪೆಗ್ ಮೇಲೆ ನಿಂತು ನೋಡಿಕೊಳ್ಳುವುದು ಒಳ್ಳೆಯದು.

ಸ್ಪೋರ್ಟ್ಸ್ ಬೈಕುಗಳಿಗೆ ಹಾಕುವ ಫ್ರೇಮ್ ಸ್ಲೈಡರ್, ಅಂದರೆ ಚಾಸಿಸ್‌ನಿಂದ ಹೊರಚಾಚುವ ನೈಲಾನ್ ಗುಂಡು, ಟಾರ್ ರಸ್ತೆಯ ಮೇಲೆ ಜಾರುವುದಕ್ಕೆ ರೂಪಿಸಿದ್ದು. ಮಣ್ಣಿನಲ್ಲಿ ಅದು ಹೂತುಹೋಗುತ್ತದೆ. ಪ್ರವಾಸದ ಬೈಕಿಗೆ ಅದೊಂದೇ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಎಂಜಿನ್ನಿನ ಅಡಿಗೆ ಬರುವ ಸಂಪ್ ಗಾರ್ಡ್ ಬೀಳುವಿಕೆಗಿಂತ ಕಲ್ಲುಗಳಿಗಾಗಿ ಇರುವುದು. ಮೂರ್ನಾಲ್ಕು ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸಾಕಾಗುತ್ತದೆ. ಅದು ಎಂಜಿನ್ನಿಗಲ್ಲದೆ ಚಾಸಿಸ್‌ಗೆ ಬೋಲ್ಟ್ ಆಗಿರಬೇಕು, ಎಂಜಿನ್ ಆಯಿಲ್ ಬಸಿಯಲು ತೂತು ಇರಬೇಕು, ಮತ್ತು ಹೊಸ ಹಿಮಾಲಯನ್‌ಗಿರುವ 230 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ನಲ್ಲಿ ದೊಡ್ಡ ಪಾಲನ್ನು ಅದೇ ತಿಂದುಹಾಕಬಾರದು. ಮಳೆಗಾಲದ ಸವಾರಿಯ ನಂತರ ಅದರೊಳಗೆ ಕೂತ ಕೆಮ್ಮಣ್ಣನ್ನು ನೀರು ಹಾಯಿಸಿ ತೆಗೆಯದಿದ್ದರೆ ಅದು ಒಣಗಿ ಗಟ್ಟಿಯಾಗಿ ಎಂಜಿನ್ನಿನ ಬಿಸಿಯನ್ನು ಹಿಡಿದಿಡುತ್ತದೆ.

ಹ್ಯಾಂಡ್ ಗಾರ್ಡ್‌ಗಳಲ್ಲಿ ಎರಡು ಜಾತಿ ಇವೆ, ಚಿತ್ರದಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಂದೇ ಕಡೆ ಸಿಕ್ಕಿಸಿದ ಪ್ಲಾಸ್ಟಿಕ್ಕಿನವು ಗಾಳಿ, ಮಳೆ, ಪೊದೆಯ ಟೊಂಗೆಗಳನ್ನು ತಡೆಯುತ್ತವೆ. ಬಿದ್ದಾಗ ಮಡಚಿಕೊಂಡು ಲಿವರ್ ಮುರಿಯಲು ಬಿಟ್ಟುಕೊಡುತ್ತವೆ. ಒಳಗೆ ಅಲ್ಯೂಮಿನಿಯಂ ಪಟ್ಟಿ ಇದ್ದು, ಹ್ಯಾಂಡಲ್‌ನ ತುದಿಗೂ ಮಧ್ಯಕ್ಕೂ ಎರಡು ಕಡೆ ಬಿಗಿದಿರುವವು ಮಾತ್ರ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ಉಳಿಸುತ್ತವೆ. ಇದಕ್ಕೆ ಖರ್ಚಿಲ್ಲದ ಪೂರಕ ಉಪಾಯವೊಂದಿದೆ. ಲಿವರ್ ಕೂರುವ ಕ್ಲ್ಯಾಂಪಿನ ಅಡಿಯಲ್ಲಿ ಹ್ಯಾಂಡಲ್‌ಗೆ ಪ್ಲಂಬರ್‌ಗಳು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಎರಡು ಸುತ್ತು ಸುತ್ತಿ, ಕೈಯಿಂದ ಬಲವಾಗಿ ನೂಕಿದರೆ ಕ್ಲ್ಯಾಂಪ್ ತುಸು ತಿರುಗುವಷ್ಟು ಮಾತ್ರ ಬಿಗಿ ಮಾಡುವುದು. ಬಿದ್ದಾಗ ಲಿವರ್ ಮುರಿಯುವ ಬದಲು ಸುತ್ತಿಕೊಳ್ಳುತ್ತದೆ, ಎದ್ದ ಮೇಲೆ ಕೈಯಿಂದಲೇ ಸರಿಮಾಡಬಹುದು. ಆದರೂ ಒಂದು ಕ್ಲಚ್ ಲಿವರ್, ಒಂದು ಕ್ಲಚ್ ಕೇಬಲ್ ಜೊತೆಗಿರಲಿ. ಇವೆರಡರ ತೂಕ ಅರ್ಧ ಕೆ.ಜಿ.ಯೂ ಆಗುವುದಿಲ್ಲ.

ಎಲ್ಲವನ್ನೂ ಕೂರಿಸಿದ ಮೇಲೆ, ಅಥವಾ ಇನ್ನೂ ಜಾಣತನವೆಂದರೆ ಕೊಳ್ಳುವ ಮೊದಲೇ, ಒಂದು ಉದ್ದನೆಯ ನೇರ ಹಲಗೆ ಹಿಡಿದು ನೋಡಬಹುದು. ಯಾರಾದರೂ ಬೈಕನ್ನು ನೆಟ್ಟಗೆ ಹಿಡಿದಿರಲಿ. ಹಲಗೆಯನ್ನು ಹ್ಯಾಂಡಲ್ ತುದಿಯಿಂದ ಗಾರ್ಡಿನ ಹೊರ ಅಂಚಿಗೆ ಒರಗಿಸಿ, ಆಮೇಲೆ ಗಾರ್ಡಿನಿಂದ ಹಿಂಬದಿಯ ಬ್ಯಾಗಿಗೆ ಒರಗಿಸಿ. ಆ ಗೆರೆಯನ್ನು ದಾಟಿ ಹೊರಗೆ ಇಣುಕುವುದು ಏನೇ ಇದ್ದರೂ ಅದು ನೆಲ ಮುಟ್ಟುತ್ತದೆ. ಗೇರ್ ಲಿವರ್, ಹಿಂದಿನ ಬ್ರೇಕ್ ಪೆಡಲ್, ಟ್ಯಾಂಕಿನ ಉಬ್ಬು, ಇಂಡಿಕೇಟರ್, ಇವುಗಳಲ್ಲಿ ಯಾವುದು ಇಣುಕುತ್ತಿದೆ ಎಂದು ಅರಿತರೆ ಮುಂದೇನು ಕೊಳ್ಳಬೇಕೆಂಬುದು ತಾನಾಗಿ ತಿಳಿಯುತ್ತದೆ. ಧೈರ್ಯವಿದ್ದವರು ಹಳೆಯ ಹಾಸಿಗೆ ಹಾಸಿ, ಇಬ್ಬರು ಸ್ನೇಹಿತರ ನೆರವಿನಿಂದ ಬೈಕನ್ನು ಮೆಲ್ಲಗೆ ಮಲಗಿಸಿಯೇ ನೋಡಬಹುದು. ಹಾಗೆಯೇ ಎತ್ತುವುದನ್ನೂ ಅಭ್ಯಾಸ ಮಾಡಿಕೊಂಡಂತಾಗುತ್ತದೆ.

ಮೃದು ಬ್ಯಾಗಿನ ಒಳಹೊರಗು

ಅಲ್ಯೂಮಿನಿಯಂ ಪೆಟ್ಟಿಗೆಗಳಿಗೆ ಬೀಗ ಹಾಕಬಹುದು, ನೀರು ನುಗ್ಗುವುದಿಲ್ಲ, ಬಿಡಾರ ಹೂಡಿದ ಕಡೆ ಕೂರುವ ಪೀಠವಾಗುತ್ತವೆ. ಇವೆಲ್ಲ ನಿಜವಾದ ಅನುಕೂಲಗಳು. ಆದರೆ ಪೆಟ್ಟಿಗೆ ಮತ್ತು ಅದರ ಚೌಕಟ್ಟು ಸೇರಿ ಖಾಲಿಯಿರುವಾಗಲೇ ಹತ್ತು ಕೆ.ಜಿ. ದಾಟುವುದು ಸಾಮಾನ್ಯ, ಬೈಕಿನ ಅಗಲ ಹ್ಯಾಂಡಲ್‌ನ ಅಗಲವನ್ನೂ ಮೀರಬಹುದು, ಚಾರ್ಮಾಡಿ ಘಾಟಿಯಲ್ಲಿ ಎದುರಿಗೆ ಕೆಎಸ್‌ಆರ್‌ಟಿಸಿ ಬಸ್ಸು ಬಂದಾಗ ಅದು ನೆನಪಿಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಧಾನಗತಿಯಲ್ಲಿ ಬೀಳುವಾಗ ನೆಲಕ್ಕೆ ಊರಿದ ಕಾಲು ಹಿಂದಕ್ಕೆ ಸರಿದು ಪೆಟ್ಟಿಗೆಯ ಅಡಿಗೆ ಸಿಕ್ಕರೆ ಮೂಳೆ ಮುರಿಯುತ್ತದೆ. ಬಟ್ಟೆ ತುಂಬಿದ ಮೃದು ಬ್ಯಾಗಿನ ಅಡಿ ಸಿಕ್ಕ ಕಾಲಿಗೂ ನೋವಾಗುತ್ತದೆ, ಆದರೆ ಅದನ್ನು ಎಳೆದುಕೊಳ್ಳುವ ಸಾಧ್ಯತೆ ಹೆಚ್ಚು. ಪೆಟ್ಟಿಗೆ ಒಮ್ಮೆ ಬಗ್ಗಿದರೆ ಮುಚ್ಚಳ ಕೂರುವುದಿಲ್ಲ. ಬ್ಯಾಗು ಹರಿದರೆ ದಬ್ಬಳ, ದಾರದಿಂದ ಹೊಲಿಯಬಹುದು. ಪೂರ್ತಿ ಟಾರ್ ರಸ್ತೆಯಲ್ಲೇ ಓಡಾಡಿ ರಾತ್ರಿ ಹೋಟೆಲಿನ ಬೀದಿಯಲ್ಲಿ ಬೈಕು ನಿಲ್ಲಿಸುವವರಿಗೆ ಪೆಟ್ಟಿಗೆಯೇ ಸರಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ಉಳಿದವರಿಗೆ ಮೃದು ಬ್ಯಾಗು.

ಆಕಾರದ ಆಯ್ಕೆ ಜೊತೆಗೆ ಯಾರು ಕೂರುತ್ತಾರೆ ಎಂಬುದನ್ನು ಅವಲಂಬಿಸಿದೆ. ಒಬ್ಬರೇ ಹೊರಡುವುದಾದರೆ ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಕಟ್ಟುವ ಸುಮಾರು 40 ಲೀಟರ್‌ನ ಡಫಲ್ ಮತ್ತು ಒಂದು ಸಣ್ಣ ಟ್ಯಾಂಕ್ ಬ್ಯಾಗು ವಾರದ ಪ್ರವಾಸಕ್ಕೆ ಧಾರಾಳವಾಗಿ ಸಾಕು. ಇದಕ್ಕೆ ಸ್ಟೇ ಬೇಡ, ಕೋಣೆಗೆ ಒಯ್ಯುವುದೂ ಸುಲಭ. ಹಿಂದೆ ಒಬ್ಬರು ಕೂರುವುದಾದರೆ ಸೀಟಿನ ಎರಡೂ ಬದಿಗೆ ಇಳಿಬೀಳುವ ಸ್ಯಾಡಲ್ ಬ್ಯಾಗೇ ದಾರಿ, ಆಗ ಸ್ಯಾಡಲ್ ಸ್ಟೇ ಕಡ್ಡಾಯವೆಂದೇ ತಿಳಿಯಬೇಕು. ಸ್ಟೇ ಇಲ್ಲದ ಬ್ಯಾಗು ಗುಂಡಿ ಹಾರುವಾಗ ಒಳಕ್ಕೆ ತೂಗಿ ಚಕ್ರಕ್ಕೋ ಚೈನಿಗೋ ಸಿಕ್ಕುತ್ತದೆ. ಕುದುರೆಯ ಲಾಳದ ಆಕಾರದಲ್ಲಿ ಸೀಟಿನ ಹಿಂಭಾಗವನ್ನು ಸುತ್ತುವ, ಸ್ಟೇ ಬೇಡದ ಮೂರನೆಯ ಬಗೆಯೂ ಇದೆ. ಅಮೆರಿಕದ ಆರೆಗಾನ್ ರಾಜ್ಯದ ಜೈಂಟ್ ಲೂಪ್ ಕಂಪನಿ ಅದರಿಂದಲೇ ಹೆಸರಾಯಿತು. ಹಗುರ ಬೈಕಿನಲ್ಲಿ ಕಾಡುದಾರಿ ಹಿಡಿಯುವವರಿಗೆ ಅದು ಚೆನ್ನ, ಆದರೆ ತಳದಲ್ಲಿರುವ ವಸ್ತು ಬೇಕಾದಾಗ ಇಡೀ ಬ್ಯಾಗನ್ನು ಖಾಲಿ ಮಾಡಬೇಕು. ಇಂಥ ಸಾಮಾನಿಗೆ ಹಿಂದೆ ವಿದೇಶದ ಕಡೆ ನೋಡಬೇಕಿತ್ತು. ಈಗ ಬೆಂಗಳೂರಿನ ವಯಾಟೆರಾ, ಮುಂಬೈನ ರೈನಾಕ್ಸ್ ಮೊದಲಾದ ನಮ್ಮವೇ ಕಂಪನಿಗಳಿರುವುದರಿಂದ ಬಕಲ್ ಮುರಿದರೆ ಬಿಡಿಭಾಗ ತರಿಸಿಕೊಳ್ಳುವುದು ಸುಲಭವಾಗಿದೆ.

ಬಟ್ಟೆಯ ಬಗ್ಗೆ ಜಾಹೀರಾತಿನಲ್ಲಿ ಮೊದಲು ಕಾಣುವುದು ಡೆನಿಯರ್ ಎಂಬ ಸಂಖ್ಯೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. 1000 ಡೆನಿಯರ್ ಎಂದರೆ ನೂಲು ದಪ್ಪವಿದೆ ಎಂದಷ್ಟೇ ಅರ್ಥ. ನೂಲು ನೈಲಾನೋ ಪಾಲಿಯೆಸ್ಟರೋ, ನೇಯ್ಗೆ ಎಷ್ಟು ಒತ್ತಾಗಿದೆ, ಒಳಗಿನ ಲೇಪ ಯಾವುದು ಎಂಬುದನ್ನು ಅದು ಹೇಳುವುದಿಲ್ಲ. ರಸ್ತೆಗೆ ಉಜ್ಜಿದಾಗ ನೈಲಾನ್ ಪಾಲಿಯೆಸ್ಟರ್‌ಗಿಂತ ಹೆಚ್ಚು ಬಾಳುತ್ತದೆ. ಬಿಸಿಲಿನ ಮಟ್ಟಿಗೆ ಪಾಲಿಯೆಸ್ಟರ್ ಮೇಲು. ನಮ್ಮ ಹವೆಯಲ್ಲಿ ಬ್ಯಾಗು ಹಾಳಾಗುವುದು ಹೆಚ್ಚಾಗಿ ಬಟ್ಟೆ ಸವೆದಲ್ಲ, ಒಳಲೇಪ ಕೆಟ್ಟು. ಅಗ್ಗದ ಪಾಲಿಯುರೆಥೇನ್ ಲೇಪ ತೇವದ ಜೊತೆ ನಿಧಾನವಾಗಿ ರಾಸಾಯನಿಕವಾಗಿ ಒಡೆಯುತ್ತ ಹೋಗುತ್ತದೆ. ಮಲೆನಾಡಿನ ಮನೆಯ ಅಟ್ಟದ ಮೇಲೆ ಒಂದು ಮಳೆಗಾಲ ಮಡಚಿಟ್ಟ ಬ್ಯಾಗನ್ನು ಬಿಡಿಸಿದಾಗ ಒಳಭಾಗ ಕೈಗೆ ಅಂಟಿಕೊಂಡು ಹೊಟ್ಟಿನಂತೆ ಉದುರಿದರೆ ಕಾರಣ ಇದೇ. ಪೂರ್ತಿ ಒಣಗಿಸಿ, ಮಡಚದೆ, ಗಾಳಿಯಾಡುವ ಕಡೆ ತೂಗುಹಾಕುವುದು ಬಿಟ್ಟರೆ ಇದಕ್ಕೆ ಬೇರೆ ಮದ್ದಿಲ್ಲ.

ನೀರಿನ ವಿಚಾರ ಇದಕ್ಕಿಂತ ಕೊಂಚ ಸೂಕ್ಷ್ಮ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ ಜುಲೈಯಲ್ಲಿ ಹೊರಟವರಿಗೆ ಬ್ಯಾಗಿನ ಜೊತೆ ಬರುವ ರೇನ್ ಕವರ್ ಎಷ್ಟರ ಮಟ್ಟಿಗೆ ಉಪಯೋಗ ಎಂಬುದು ಗೊತ್ತು. ಕವರ್ ಮೇಲಿನಿಂದ ಬೀಳುವ ನೀರನ್ನು ತಡೆಯುತ್ತದೆ. ಆದರೆ ಹಿಂದಿನ ಚಕ್ರ ಕೆಳಗಿನಿಂದ ಎರಚುವ ಕೆಸರುನೀರು ಕವರಿನ ತೆರೆದ ಬದಿಯಿಂದ ನುಗ್ಗಿ ಅದರ ತಳದಲ್ಲೇ ನಿಂತು ಬ್ಯಾಗನ್ನು ನೆನೆಹಾಕುತ್ತದೆ. ವೇಗ ಹೆಚ್ಚಿದಾಗ ಗಾಳಿ ತುಂಬಿ ಕವರೇ ಹಾರಿಹೋಗುವುದೂ ಉಂಟು. ಹೊಲಿದ ಬ್ಯಾಗಿನಲ್ಲಿ ಸೂಜಿ ಚುಚ್ಚಿದ ಪ್ರತಿ ತೂತೂ ನೀರಿನ ದಾರಿ. ಟಾರ್ಪಾಲಿನ ಜಾತಿಯ ಲೇಪಿತ ಬಟ್ಟೆಯನ್ನು ಹೊಲಿಯದೆ ಬಿಸಿಯಿಂದ ಬೆಸೆದು, ಬಾಯಿಯನ್ನು ಮೂರು ಸಲ ಸುತ್ತಿ ಬಕಲ್ ಹಾಕುವ ರೋಲ್ ಟಾಪ್ ಬ್ಯಾಗು ಮಾತ್ರ ನಿಜವಾಗಿ ನೀರು ತಡೆಯುತ್ತದೆ. ಐಪಿಎಕ್ಸ್4 ಎಂಬ ಗುರುತಿದ್ದರೆ ಅದು ಚಿಮುಕುವ ನೀರಿಗೆ, ಐಪಿಎಕ್ಸ್6 ಎಂದರೆ ರಭಸದ ಧಾರೆಗೆ, ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುವುದಕ್ಕೆ. ಲಡಾಖ್, ಸ್ಪಿತಿಗಳ ದಾರಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಮೊಣಕಾಲುದ್ದ ಹರಿಯುವ ನಾಲಾಗಳನ್ನು ದಾಟುವಾಗ ಸ್ಯಾಡಲ್ ಬ್ಯಾಗಿನ ತಳ ಮುಳುಗಿಯೇ ಮುಳುಗುತ್ತದೆ. ಅಲ್ಲಿಗೆ ಹೋಗುವವರಿಗೆ ರೇನ್ ಕವರ್ ಲೆಕ್ಕಕ್ಕಿಲ್ಲ. ಹೊಲಿದ ಬ್ಯಾಗು ಈಗಾಗಲೇ ಇದ್ದರೆ ಅದನ್ನು ಎಸೆಯಬೇಕಾಗಿಲ್ಲ. ಒಳಗೆ ರೋಲ್ ಟಾಪ್ ಲೈನರ್ ಇಟ್ಟುಕೊಂಡರೆ ಹೊರಬ್ಯಾಗು ನೆಂದರೂ ಬಟ್ಟೆ ಒಣಗಿರುತ್ತದೆ.

ನೀರಿಗಿಂತ ಬೇಗ ಬ್ಯಾಗನ್ನು ಕೊಲ್ಲುವುದು ಸೈಲೆನ್ಸರ್. ಎರಡೂ ಹಿಮಾಲಯನ್‌ಗಳಲ್ಲಿ ಅದು ಬಲಬದಿಯಲ್ಲಿ ಮೇಲಕ್ಕೇರಿ ಸರಿಯಾಗಿ ಬ್ಯಾಗು ಕೂರುವ ಜಾಗಕ್ಕೇ ಬರುತ್ತದೆ. ನೈಲಾನ್ ಕರಗುವುದು ಅದರ ಬಗೆಯನ್ನವಲಂಬಿಸಿ ಸುಮಾರು 220ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪಿವಿಸಿ ಲೇಪದ ಬಟ್ಟೆ 100 ಡಿಗ್ರಿ ಮುಟ್ಟುವ ಮೊದಲೇ ಮೆತ್ತಗಾಗುತ್ತದೆ. ಅಂದರೆ ನೀರಿಗೆ ಅತ್ಯುತ್ತಮವಾದ ಟಾರ್ಪಾಲಿನ ಬ್ಯಾಗೇ ಬಿಸಿಗೆ ಅತಿ ದುರ್ಬಲ. ಖಾಲಿ ಬ್ಯಾಗು ಕಟ್ಟಿ ನೋಡಿ ಅಂತರವಿದೆ ಎಂದು ಸಮಾಧಾನಪಟ್ಟುಕೊಳ್ಳಬಾರದು. ತುಂಬಿದ ಬ್ಯಾಗು ಜೋತುಬೀಳುತ್ತದೆ, ಹಿಂದೆ ಒಬ್ಬರು ಕೂತು ಸಸ್ಪೆನ್ಷನ್ ಕುಸಿದಾಗ ಅಂತರ ಇನ್ನೂ ಕುಗ್ಗುತ್ತದೆ. ತುಂಬಿದ ಸ್ಥಿತಿಯಲ್ಲಿ ಮೂರು ಬೆರಳು ಆಡುವಷ್ಟು ಜಾಗ, ಬಲಬದಿಯ ಸ್ಟೇಗೆ ಒಂದು ಲೋಹದ ಹೀಟ್ ಶೀಲ್ಡ್, ಇವೆರಡೂ ಬೇಕು.

ತುಂಬುವುದು ಮತ್ತು ಕಟ್ಟುವುದು

ಭಾರದ ಸಾಮಾನು ಕೆಳಗೆ ಮತ್ತು ಮುಂದೆ, ಹಗುರವಾದದ್ದು ಮೇಲೆ ಮತ್ತು ಹಿಂದೆ. ಟೂಲ್ಸ್, ಟ್ಯೂಬು, ಬಿಡಿಭಾಗಗಳು ಎಂಜಿನ್ ಗಾರ್ಡಿನ ಮೇಲಿನ ಚಿಕ್ಕ ಬ್ಯಾಗಿನಲ್ಲೋ ಸ್ಯಾಡಲ್ ಬ್ಯಾಗಿನ ತಳದ ಮುಂಭಾಗದಲ್ಲೋ ಇರಲಿ. ಮಲಗುವ ಚೀಲ, ಜಾಕೆಟ್ ಹಿಂದಿನ ಕ್ಯಾರಿಯರ್ ಮೇಲೆ. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರವಾಗುತ್ತದೆ, ಹೆದ್ದಾರಿಯ ವೇಗದಲ್ಲಿ ಬೈಕು ತೂಗಾಡಲು ಶುರುವಾಗುತ್ತದೆ. ಕ್ಯಾರಿಯರ್ ಎಷ್ಟು ತೂಕ ಹೊರಬಲ್ಲದು ಎಂಬುದನ್ನು ಕಂಪನಿಯ ಕೈಪಿಡಿಯಲ್ಲಿ ನೋಡಬೇಕು. ಹೆಚ್ಚಿನ ಬೈಕುಗಳಲ್ಲಿ ಅದು ನಾವು ಊಹಿಸುವುದಕ್ಕಿಂತ ತುಂಬ ಕಡಿಮೆ.

ಬ್ಯಾಗಿನ ಹೊರಪದರಕ್ಕೆ ತಾಗಿ ಬಟ್ಟೆಗಳು, ಬೈಕಿನ ಕಡೆಗಿರುವ ಒಳಬದಿಗೆ ಗಟ್ಟಿ ವಸ್ತುಗಳು ಎಂಬ ಕ್ರಮ ಪಾಲಿಸಿದರೆ, ಬಿದ್ದಾಗ ಬಟ್ಟೆಯೇ ಮೆತ್ತೆಯಾಗಿ ಏಟು ನುಂಗುತ್ತದೆ. ಲ್ಯಾಪ್‌ಟಾಪ್, ಕ್ಯಾಮೆರಾಗಳು ಪಕ್ಕದ ಬ್ಯಾಗಿಗೆ ಸಲ್ಲವು. ಅವು ಟ್ಯಾಂಕ್ ಬ್ಯಾಗಿಗೋ ಡಫಲ್‌ನ ಮಧ್ಯಕ್ಕೋ ಹೋಗಲಿ. ಹೆಚ್ಚುವರಿ ಪೆಟ್ರೋಲ್ ಕರ್ನಾಟಕದ ಒಳಗೆ ಬೇಕಾಗುವುದಿಲ್ಲ. ಮನಾಲಿ–ಲೇಹ್ ದಾರಿಯ ತಾಂಡಿಯಲ್ಲಿ ಮುಂದಿನ ಬಂಕ್ 365 ಕಿ.ಮೀ. ದೂರ ಎಂಬ ಹೆಸರಾಂತ ಫಲಕವಿತ್ತು. ಅಂಥ ಕಡೆಗೆ ಹೊರಟರೆ ಪೆಟ್ರೋಲ್ ಕ್ಯಾನು ಮುಂದಿನ ಕಂಬಿಗಳ ಮೇಲಿರಬೇಕೇ ಹೊರತು ಸೈಲೆನ್ಸರ್ ಬದಿಯ ಬ್ಯಾಗಿನೊಳಗಲ್ಲ.

ಕೊಕ್ಕೆಯಿರುವ ರಬ್ಬರ್ ಬಂಗಿಯನ್ನು ಮುಖ್ಯ ಕಟ್ಟಾಗಿ ನೆಚ್ಚಬಾರದು. ಅದು ಗುಂಡಿ ಹಾರಿದಾಗಲೆಲ್ಲ ಹಿಗ್ಗುತ್ತದೆ, ಬಿಚ್ಚುವಾಗ ಕೈಜಾರಿದರೆ ಕೊಕ್ಕೆ ಕಣ್ಣಿಗೇ ಬರುತ್ತದೆ. ಹಿಗ್ಗದ ಪಟ್ಟಿ ಮತ್ತು ಕ್ಯಾಮ್ ಬಕಲ್ (ಪಟ್ಟಿಯನ್ನು ಕಚ್ಚಿ ಹಿಡಿಯುವ ಬಕಲ್) ಬಳಸಿ, ಉಳಿದ ತುದಿಯನ್ನು ಸುತ್ತಿ ಒಳಗೆ ಸಿಕ್ಕಿಸಬೇಕು. ಗಾಳಿಗೆ ಪಟಪಟನೆ ಬಡಿಯುವ ಪಟ್ಟಿ ಚೈನಿನ ಹಲ್ಲಿಗೆ ಸಿಕ್ಕಿದರೆ ಹಿಂದಿನ ಚಕ್ರವೇ ಹಿಡಿದು ನಿಲ್ಲಬಹುದು. ನೈಲಾನ್ ಪಟ್ಟಿ ನೆಂದಾಗ ಸಡಿಲವಾಗುವುದರಿಂದ ಮಳೆ ಶುರುವಾದ ಮೇಲೆ ಒಮ್ಮೆ, ಮತ್ತು ಮೊದಲ ಚಹಾ ನಿಲುಗಡೆಯಲ್ಲಿ ಒಮ್ಮೆ, ಎಲ್ಲ ಕಟ್ಟುಗಳನ್ನೂ ಎಳೆದು ನೋಡಬೇಕು.

ಕಾನೂನಿನ ಕಡೆ ಮೂರು ಮಾತು ಸಾಕು. ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗಕ್ಕೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಎಡಬದಿಯ ಸ್ಟೇ ಕೂರಿಸಲು ಸ್ಯಾರಿ ಗಾರ್ಡ್ ಬಿಚ್ಚಿದರೆ ಆ ಕೆಲಸವನ್ನು ಸ್ಟೇ ಮಾಡುವಂತಿರಬೇಕು. ಹಿಂದೆ ಕೂರಿಸುವ ಹಗುರ ಪೆಟ್ಟಿಗೆಗೆ 2020ರಲ್ಲಿ ಉದ್ದ 550, ಅಗಲ 510, ಎತ್ತರ 500 ಮಿ.ಮೀ.ಗಳ ಮಿತಿ ಗೊತ್ತುಮಾಡಲಾಗಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದು ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮಕ್ಕೆ ಸೂಚಿಸಿದಾಗ ಚರ್ಚೆಯಾದದ್ದು ಮುಖ್ಯವಾಗಿ ಕಾರುಗಳ ಮುಂದಿನ ಕಂಬಿಗಳ ಬಗ್ಗೆ. ಬೈಕಿನ ಗಾರ್ಡ್‌ಗಳನ್ನು ಕಂಪನಿಗಳೇ ಅಧಿಕೃತ ಪರಿಕರಗಳಾಗಿ ಮಾರುತ್ತಿವೆ. ಹೊರಗಿನಿಂದ ಕೂರಿಸಿದ ಪರಿಕರಗಳನ್ನು ಮೊದಲೇ ತಿಳಿಸಿ ಸೇರಿಸದಿದ್ದರೆ ವಿಮೆಯಲ್ಲಿ ಅವುಗಳ ಹಣ ಬರುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು.

ಹಣ ಸೀಮಿತವಾಗಿದ್ದರೆ ನಾನು ಸೂಚಿಸುವ ಕ್ರಮ ಹೀಗಿದೆ: ಮೊದಲು ಬೂಟು, ಆಮೇಲೆ ಎಂಜಿನ್ ಗಾರ್ಡ್, ಆಮೇಲೆ ಪಟ್ಟಿಯಿರುವ ಹ್ಯಾಂಡ್ ಗಾರ್ಡ್, ಕೊನೆಗೆ ಬ್ಯಾಗು. ಬ್ಯಾಗಿನ ಕೆಲಸವನ್ನು ಸದ್ಯಕ್ಕೆ ಒಂದು ಗಟ್ಟಿ ಜಲನಿರೋಧಕ ಚೀಲ ಮತ್ತು ಎರಡು ಒಳ್ಳೆಯ ಪಟ್ಟಿಗಳು ಮಾಡುತ್ತವೆ. ಗಾರ್ಡಿಗೆ ಅಂಥ ಬದಲಿ ಇಲ್ಲ. ಎಲ್ಲವನ್ನೂ ಕಟ್ಟಿದ ಮೇಲೆ, ಹೊರಡುವ ಹಿಂದಿನ ದಿನ, ಹಿಂದಿನ ಶಾಕ್‌ನ ಪ್ರೀಲೋಡನ್ನು, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಬಿಗಿಯನ್ನು, ಸಿ-ಸ್ಪ್ಯಾನರ್‌ನಿಂದ ಒಂದೆರಡು ಹಂತ ಬಿಗಿಗೊಳಿಸಿ, ಹಿಂದಿನ ಟೈರಿಗೆ ಕೈಪಿಡಿಯಲ್ಲಿ ಹೇಳಿದ ಪೂರ್ಣಭಾರದ ಗಾಳಿ ತುಂಬಿಸಬೇಕು. ಪ್ರೀಲೋಡ್ ಬಿಗಿಯಾದಾಗ ಬೈಕಿನ ಹಿಂಭಾಗ ಏರಿ, ಸೈಡ್ ಸ್ಟ್ಯಾಂಡಿನ ಮೇಲೆ ಅದು ಮೊದಲಿಗಿಂತ ಹೆಚ್ಚು ವಾಲುತ್ತದೆ. ಭಾರಕ್ಕೆ ಹಿಂಭಾಗ ಕುಸಿದರೆ ನೆಟ್ಟಗಾಗಿ ಆಚೆ ಬದಿಗೆ ಬೀಳುವಂತಾಗುತ್ತದೆ. ಎರಡರ ನಡುವಿನ ಹದವನ್ನು ಮನೆಯ ಮುಂದೆಯೇ ಕಂಡುಕೊಂಡು, ಸಂಜೆ ಕತ್ತಲಾದ ಮೇಲೆ ಗೋಡೆಗೆ ಹೆಡ್‌ಲೈಟ್ ಬಿಟ್ಟು ನೋಡಿ, ಬೆಳಕು ಮೇಲಕ್ಕೆದ್ದಿದ್ದರೆ ಇಳಿಸಿಕೊಳ್ಳಬೇಕು. ಹಿಂದಿನ ದೀಪ ಮತ್ತು ನಂಬರ್ ಪ್ಲೇಟನ್ನು ಬ್ಯಾಗೋ ಅದರ ಪಟ್ಟಿಯೋ ಮುಚ್ಚಿದೆಯೇ ಎಂಬುದನ್ನೂ ಆಗಲೇ ಹತ್ತು ಹೆಜ್ಜೆ ಹಿಂದೆ ನಿಂತು ನೋಡಬಹುದು.